ಮುಖಕ್ಕೊಪ್ಪುವ ಕೂದಲ ಬಣ್ಣ

ಮನೆಯಲ್ಲಿ ಮದುವೆ ಗೊತ್ತಾಗಿದೆ. ಕನ್ನಡಿಯ ಮುಂದೆ ನಿಂತರೆ ಬೈತಲೆಯ ಎರಡು ಬದಿಗೂ ಬೆಳ್ಳಗಿನ ಗೆರೆ ಎದ್ದು ಕಾಣುತ್ತಿದೆ. ಬಳ್ಳಾರಿಯ ಯಾವುದಾದರೊಂದು ಬ್ಯೂಟಿ ಪಾರ್ಲರಿಗೆ ಹೋದಿರೆಂದರೆ, ಅಲ್ಲಿಯವರು ಒಂದು ದಪ್ಪ ಪುಸ್ತಕವನ್ನು ಬಿಡಿಸಿ ನಿಮ್ಮ ಮುಂದಿಡುತ್ತಾರೆ. ಕಪ್ಪು, ಕಂದು, ತಾಮ್ರ, ಹೊನ್ನು ಎಂದು ಕೂದಲಿನ ಕುಚ್ಚುಗಳು ಸಾಲಾಗಿ ಅದರಲ್ಲಿವೆ. ಯಾವುದು ನಿಮಗೆ ಒಪ್ಪೀತು? ಜೊತೆಗೆ ಬಂದ ಮಗಳು ಮೊಬೈಲು ನೋಡಿ, “ಅಮ್ಮಾ, ನಿಂದು ಶರತ್ಕಾಲದ ಮುಖ ಅಂತ. ತಾಮ್ರದ ಬಣ್ಣ ಒಪ್ತೈತಂತೆ” ಎನ್ನುತ್ತಾಳೆ. ಮುಖಕ್ಕೂ ಶರತ್ಕಾಲಕ್ಕೂ ಎಲ್ಲಿಯ ನಂಟು ಎಂದು ನೀವು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ.

ಈ ವಿಚಾರದ ಬೇರು ಯೂರೋಪಿನಲ್ಲಿದೆ. ಸ್ವಿಟ್ಜರ್ಲೆಂಡಿನ ಚಿತ್ರಕಾರ ಯೋಹಾನೆಸ್ ಇಟ್ಟೆನ್ ಜರ್ಮನಿಯ ಬೌಹೌಸ್ ಕಲಾಶಾಲೆಯಲ್ಲಿ 1919ರಿಂದ 1923ರವರೆಗೆ ಪಾಠ ಹೇಳಿದರು. ವಿದ್ಯಾರ್ಥಿಗಳು ತಮಗೆ ಇಷ್ಟವಾದ ಬಣ್ಣಗಳನ್ನು ಹೊಂದಿಸಿದಾಗ, ಆ ಬಣ್ಣಗಳಿಗೂ ಅವರವರ ಮೈಬಣ್ಣ, ಕೂದಲುಗಳಿಗೂ ಏನೋ ಸಂಬಂಧವಿರುವಂತೆ ಅವರಿಗೆ ಕಂಡಿತು. ಮುಂದೆ ಅಮೆರಿಕದಲ್ಲಿ ಇದನ್ನು ಉಡುಪಿಗೂ ಅಲಂಕಾರಕ್ಕೂ ಒಗ್ಗಿಸಿಕೊಂಡರು. 1980ರಲ್ಲಿ ಕ್ಯಾರೊಲ್ ಜಾಕ್ಸನ್ ಬರೆದ ಪುಸ್ತಕದಿಂದ ಅದು ಮನೆಮಾತಾಯಿತು. ಅದರ ಪ್ರಕಾರ ಮನುಷ್ಯರೆಲ್ಲ ನಾಲ್ಕು ಕಾಲಗಳಲ್ಲಿ ಒಂದಕ್ಕೆ ಸೇರಿದವರು. ವಸಂತ ಮತ್ತು ಶರತ್ಕಾಲದವರದು ಹಳದಿ ಬೆರೆತ ಬೆಚ್ಚನೆಯ ವರ್ಣ. ಬೇಸಿಗೆ ಮತ್ತು ಚಳಿಗಾಲದವರದು ನೀಲಿ ಬೆರೆತ ತಂಪು ವರ್ಣ.

ಬೇಸಿಗೆ ತಂಪಂತೆ! ಏಪ್ರಿಲಿನಲ್ಲಿ ಬಳ್ಳಾರಿಯ ಕೋಟೆಗುಡ್ಡದ ಬಂಡೆಯನ್ನು ಮುಟ್ಟಿದವರು ಈ ಮಾತಿಗೆ ನಗದೆ ಇರಲಾರರು. ಶರತ್ಕಾಲವೆಂದರೆ ಅಲ್ಲಿ ಎಲೆಗಳು ಕೆಂಪಾಗಿ ಉದುರುವ ಕಾಲ. ನಮ್ಮಲ್ಲಿ ಸಿರುಗುಪ್ಪದ ಗದ್ದೆಗಳು ಇನ್ನೂ ಹಸಿರಾಗಿರುವ ಕಾಲ. ನಮ್ಮ ಬೇವು ಎಲೆ ಉದುರಿಸುವುದು ಶಿಶಿರದಲ್ಲಿ. ಹೆಸರಿನ ಮಾತು ಹಾಗಿರಲಿ, ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಈ ಏರ್ಪಾಡು ಹೊಂಬಣ್ಣದ, ಕೆಂಚು, ಕಂದು ಕೂದಲಿನ ಜನರನ್ನು ನೋಡಿ ಕಟ್ಟಿದ್ದು. ಕಪ್ಪು ಕೂದಲು, ಕಪ್ಪು ಕಣ್ಣಿನವರನ್ನು ಬಹುಮಟ್ಟಿಗೆ ಒಟ್ಟಾಗಿ ಚಳಿಗಾಲದ ಚೀಲಕ್ಕೆ ತುಂಬಿಬಿಟ್ಟರು. ಕುರುಗೋಡಿನ ಜಾತ್ರೆಯಲ್ಲಿ ಒಂದು ಗಳಿಗೆ ನಿಂತು ನೋಡಿ, ನಮ್ಮ ಮೈಬಣ್ಣಗಳು ಒಂದೇ ಬಗೆಯವೇ?

ಅಲ್ಲವೆಂಬುದನ್ನು ನಮ್ಮ ಅಜ್ಜಿಯರು ಚೆನ್ನಾಗಿ ಬಲ್ಲರು. ಎಣ್ಣೆಗೆಂಪು, ಎಣ್ಣೆಗಪ್ಪು, ಗೋಧಿಬಣ್ಣ, ಸಾದಗಪ್ಪು ಎಂದು ಅವರು ವಿಂಗಡಿಸುತ್ತಿದ್ದರು. ಎಣ್ಣೆಗೆಂಪು ಎಂದಾಗ ಬಣ್ಣ ಎಷ್ಟು ಗಾಢವೆಂಬುದರ ಜೊತೆಗೆ ಅದರೊಳಗಿನ ಕಾವನ್ನೂ ಹೇಳಿದಂತಾಯಿತು. ಇಟ್ಟೆನ್ ಅವರ ವಿಚಾರದಲ್ಲಿ ನಮಗೆ ಉಪಯೋಗಕ್ಕೆ ಬರುವ ಭಾಗವೂ ಇದೇ. ಇದು ಚಿತ್ರಕಾರನ ಕಣ್ಣಳತೆಯೇ ಹೊರತು ರಸಾಯನಶಾಸ್ತ್ರದಂತೆ ಸಿದ್ಧಪಟ್ಟ ಶಾಸ್ತ್ರವಲ್ಲ. ಆದರೂ ಸೀರೆ ಆರಿಸುವಾಗ ನಂಬುವ ಕಣ್ಣನ್ನು ಕೂದಲಿನ ಮಟ್ಟಿಗೆ ನಂಬಬಾರದೇಕೆ?

ಪರೀಕ್ಷೆ ಮಾಡುವ ಬಗೆ ಹೀಗೆ. ಬೆಳಿಗ್ಗೆ, ಬಿಸಿಲು ಇನ್ನೂ ಎಳೆಯದಾಗಿರುವಾಗ, ತೆರೆದ ಬಾಗಿಲಿಗೆ ಮುಖ ಮಾಡಿ ಕುಳಿತುಕೊಳ್ಳಿ. ಟ್ಯೂಬ್ ಲೈಟಿನ ಕೆಳಗೆ ಬೇಡ. ಅದು ಎಲ್ಲರ ಮುಖಕ್ಕೂ ತನ್ನದೇ ಛಾಯೆ ಬಳಿಯುತ್ತದೆ. ಪೌಡರು, ಕ್ರೀಮು ಇರಬಾರದು. ಕೂದಲನ್ನು ಹಿಂದಕ್ಕೆ ಕಟ್ಟಿ, ಗದ್ದದ ಕೆಳಗೆ ಮೊದಲು ಅಚ್ಚ ಬಿಳಿಯ ಬಟ್ಟೆ, ಆಮೇಲೆ ಬಿಳುಪು ಮಾಡದ ಹತ್ತಿಯ ಬಟ್ಟೆ ಹಿಡಿಯಿರಿ. ಅಚ್ಚ ಬಿಳುಪಿನಲ್ಲಿ ಮುಖ ತಿಳಿಯಾಗಿ, ಕಣ್ಣಿನ ಕೆಳಗಿನ ಕಪ್ಪು ತಗ್ಗಿದಂತೆ ಕಂಡರೆ ನಿಮ್ಮದು ತಂಪು ವರ್ಣ. ಹತ್ತಿಯ ಬಣ್ಣದಲ್ಲಿ ಮುಖ ಬೆಳಗಿ, ಅಚ್ಚ ಬಿಳುಪಿನಲ್ಲಿ ಮಂಕಾದರೆ ಬೆಚ್ಚನೆಯದು. ಬೆಳ್ಳಿ ಸರ, ಬಂಗಾರದ ಸರಗಳನ್ನು ಒಂದೊಂದಾಗಿ ಹಿಡಿದೂ ನೋಡಬಹುದು. ಮಣಿಕಟ್ಟಿನ ನರ ಹಸಿರೋ ನೀಲಿಯೋ ನೋಡಿ ಎಂದು ಕೆಲವರು ಹೇಳುವುದುಂಟು. ಗಾಢವರ್ಣದವರಿಗೆ ನರವೇ ಸರಿಯಾಗಿ ಕಾಣುವುದಿಲ್ಲ. ನಿಮಗೇ ಗೊತ್ತಾಗದಿದ್ದರೆ ಪಕ್ಕದಲ್ಲಿ ಕುಳಿತವರು ಹೇಳಲಿ. ಎರಡು ಬಟ್ಟೆಯೂ ಒಂದೇ ಎನ್ನಿಸಿದರೆ ನೀವು ಮಧ್ಯದವರು, ಚಿಂತೆಯಿಲ್ಲ.

ಇನ್ನು ಡಬ್ಬಿಯ ಮೇಲಿನ ಅಂಕಿಗಳು. ಹಲವು ಕಂಪನಿಗಳಲ್ಲಿ 1 ಎಂದರೆ ಅಚ್ಚ ಕಪ್ಪು, 3 ಎಂದರೆ ಗಾಢ ಕಂದು, 4 ಕಂದು, 5 ತಿಳಿ ಕಂದು. ಬಿಂದುವಿನ ನಂತರದ ಅಂಕಿ ಛಾಯೆಯನ್ನು ಹೇಳುತ್ತದೆ: ಸಾಮಾನ್ಯವಾಗಿ 1 ಬೂದಿ, 3 ಹೊನ್ನು, 4 ತಾಮ್ರ. ತಂಪು ವರ್ಣದವರು ಬೂದಿಯ ಕಡೆಗೂ ಬೆಚ್ಚನೆಯವರು ಹೊನ್ನಿನ ಕಡೆಗೂ ವಾಲಬೇಕು. ಆದರೆ ಛಾಯೆಗಿಂತ ಗಾಢತೆಯಲ್ಲಿಯೇ ಹೆಚ್ಚು ಜನ ಎಡವುತ್ತಾರೆ. ಇಪ್ಪತ್ತರ ಹರೆಯದಲ್ಲಿ ಇದ್ದ ಕಪ್ಪೇ ಐವತ್ತರಲ್ಲೂ ಬೇಕೆಂದು 1ನ್ನು ಬಳಿದರೆ, ಆ ಕಪ್ಪಿನ ಪಕ್ಕದಲ್ಲಿ ಮುಖದ ಪ್ರತಿಯೊಂದು ಗೆರೆಯೂ ಎದ್ದು ಕಾಣುತ್ತದೆ. ಮೂರು ವಾರದಲ್ಲಿ ಬುಡದ ಬಿಳುಪೂ ಅಷ್ಟೇ ಜೋರಾಗಿ ಇಣುಕುತ್ತದೆ, ಏಕೆಂದರೆ ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಹುಟ್ಟು ಬಣ್ಣಕ್ಕಿಂತ ಒಂದೆರಡು ಮೆಟ್ಟಿಲು ತಿಳಿಯಾದ 3 ಅಥವಾ 4 ನಮ್ಮಲ್ಲಿ ಬಹಳ ಜನರಿಗೆ ಒಪ್ಪುತ್ತದೆ.

ತಾಮ್ರದ ಬಣ್ಣ ಕೇಳಿದ ಮಗಳಿಗೆ ಒಂದು ಮಾತು ತಿಳಿಸಿ. ಬಣ್ಣವು ಕಪ್ಪು ಕೂದಲನ್ನು ತಾನಾಗಿ ಬಹಳ ತಿಳಿಗೊಳಿಸಲಾರದು. ಅದಕ್ಕೆ ಬ್ಲೀಚು ಬೇಕು, ಬ್ಲೀಚಿನಿಂದ ಎಳೆ ಸೊರಗುತ್ತದೆ. ಅರ್ಧ ನರೆತ ತಲೆಗೆ ತಾಮ್ರ ಹಚ್ಚಿದರೆ ಕರಿಯ ಎಳೆ ಕರಿದಾಗಿಯೇ ಉಳಿದು ಬಿಳಿಯ ಎಳೆ ಮಾತ್ರ ಕಿತ್ತಳೆಯಾಗುತ್ತದೆ. ಗೋರಂಟಿಯೂ ಇದೇ ರೀತಿ. ಅದರ ಎಲೆಯಲ್ಲಿರುವ ಲಾಸೋನ್ ಎಂಬ ವಸ್ತು ಕೂದಲಿನ ಕೆರಾಟಿನ್ನಿಗೆ ಅಂಟಿ ಕೆಂಪು ಕೊಡುತ್ತದೆ. ಈ ಕೆಂಪು ತಂಪು ವರ್ಣದವರಿಗೆ ಕಣ್ಣಿಗೆ ಹೊಡೆಯುವಂತಿದ್ದರೆ, ಗೋರಂಟಿ ತೊಳೆದ ಮೇಲೆ ನೀಲಿ ಗಿಡದ ಎಲೆಪುಡಿಯನ್ನು ಆಗಲೇ ನೀರಿನಲ್ಲಿ ಕಲಸಿ ಹಚ್ಚಬೇಕು. ಕೆಂಪಿನ ಮೇಲೆ ನೀಲಿ ಕೂಡಿ, ಇಟ್ಟ ಹೊತ್ತಿಗೆ ತಕ್ಕಂತೆ ಕಂದು ಅಥವಾ ಕಪ್ಪು ಆಗುತ್ತದೆ. ಬಳ್ಳಾರಿಯಲ್ಲಿ ಹೊಲಿಯುವ ಜೀನ್ಸಿನ ನೀಲಿಯೂ ಇದೇ ಬಣ್ಣವಸ್ತು, ಕಾರ್ಖಾನೆಯಲ್ಲಿ ತಯಾರಾದದ್ದು ಅಷ್ಟೆ. ಹೊಲದಲ್ಲೋ ಸ್ಕೂಟರಿನ ಮೇಲೋ ಬಿಸಿಲಿನಲ್ಲಿ ಓಡಾಡುವವರು ಕೆಂಪು ಛಾಯೆ ಬೇಗ ಮಾಸುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

“ಕಪ್ಪು ಗೋರಂಟಿ” ಎಂದು ಮಾರುವ ಪುಡಿಯ ಬಗ್ಗೆ ಮಾತ್ರ ಎಚ್ಚರವಿರಲಿ. ಗೋರಂಟಿ ಒಂದೇ ಎಂದಿಗೂ ಕಪ್ಪು ಕೊಡದು. ಅಂಥ ಪುಡಿಗಳಲ್ಲಿಯೂ ಬಹುಪಾಲು ಕಪ್ಪು ಡೈಗಳಲ್ಲಿಯೂ ಇರುವುದು ಪ್ಯಾರಾ-ಫೆನಿಲೀನ್‌ಡೈಅಮೀನ್, ಚಿಕ್ಕದಾಗಿ ಪಿಪಿಡಿ. ಇದು ಕೆಲವರಿಗೆ ಒಗ್ಗದೆ ನೆತ್ತಿ ಕೆರೆತ, ರೆಪ್ಪೆ ಬಾವು, ಕೆಲವೊಮ್ಮೆ ಉಸಿರಿಗೇ ತೊಂದರೆ ತರುತ್ತದೆ. ಹತ್ತು ಸಲ ಒಗ್ಗಿದ್ದು ಹನ್ನೊಂದನೆಯ ಸಲ ಒಗ್ಗದಿರಬಹುದು. ಆದುದರಿಂದ ಪ್ರತಿಸಲವೂ ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚಿ 48 ಗಂಟೆ ಕಾಯಿರಿ. ಮೊದಲು ಪರೀಕ್ಷಿಸಬೇಕು, ಹುಬ್ಬು ಮತ್ತು ರೆಪ್ಪೆಗೂದಲಿಗೆ ಹಚ್ಚಿದರೆ ದೃಷ್ಟಿ ಹೋದೀತು ಎಂಬ ಎಚ್ಚರಿಕೆಯನ್ನು ಇಂಥ ಡಬ್ಬಿಯ ಮೇಲೆ ಮುದ್ರಿಸಬೇಕೆಂದು ನಮ್ಮ ದೇಶದ ಕಾನೂನೇ ವಿಧಿಸಿದೆ. ಮದುವೆಯ ಹಿಂದಿನ ರಾತ್ರಿ ಬಣ್ಣ ಹಚ್ಚಿಕೊಳ್ಳುವವರಿಗೆ ಈ 48 ಗಂಟೆ ಸಿಗುವುದಿಲ್ಲ. ಹತ್ತು ದಿನ ಮೊದಲೇ ಮುಗಿಸಿ. ಉಳಿದ ಪೊಟ್ಟಣವನ್ನು ಮಕ್ಕಳ ಕೈಗೆ ಸಿಗುವಂತೆ ಇಡಕೂಡದು. ಹೊಟ್ಟೆಗೆ ಹೋದರೆ ಗಂಟಲು ಬಾತು ಉಸಿರು ಕಟ್ಟುತ್ತದೆ, ಮೂತ್ರಪಿಂಡ ಕೆಡುತ್ತದೆ. ಅದಕ್ಕೆಂದೇ ಇರುವ ಮದ್ದಿಲ್ಲ. ಗಳಿಗೆ ತಡೆಯದೆ ಆಸ್ಪತ್ರೆಗೆ ಒಯ್ಯಬೇಕು.

ಡೈ ಒಗ್ಗದವರು, ಸಾಕೆನಿಸಿದವರು ನರೆಯನ್ನೇ ಉಳಿಸಿಕೊಳ್ಳಬಹುದು. ಆಗಲೂ ಇದೇ ಬಟ್ಟೆಯ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ. ಬೆಳ್ಳಿಗೂದಲು ತಾನೇ ತಂಪು ಬಣ್ಣವಾದ್ದರಿಂದ, ಮೊದಲು ಒಪ್ಪುತ್ತಿದ್ದ ಸಾಸಿವೆ, ಮಣ್ಣಿನ ಬಣ್ಣದ ಸೀರೆಗಳು ಪೆಟ್ಟಿಗೆಯ ತಳಕ್ಕೆ ಹೋಗಿ, ಎಂದೋ ಮಡಿಸಿಟ್ಟ ನವಿಲುನೀಲಿ ಇಳಕಲ್ ಸೀರೆ ಮೇಲೆ ಬಂದೀತು.