ಮಾಚು ಪಿಚ್ಚುವೂ ಛಾಯಾಚಿತ್ರವೂ

ಹಸುರು ಬೆಟ್ಟದ ಬೆನ್ನಿನ ಮೇಲೆ ಬೂದುಬಣ್ಣದ ಕಲ್ಲುಗೋಡೆಗಳು; ಅವುಗಳ ಹಿಂದೆ ಲಿಂಗಾಕಾರವಾಗಿ ನೆಟ್ಟಗೆ ನಿಂತ ಶಿಖರ; ಸುತ್ತಲೂ ಮಂಜು. ಈ ಚಿತ್ರವನ್ನು ನೀವು ಕ್ಯಾಲೆಂಡರಿನಲ್ಲಿಯೋ ಭೂಗೋಳದ ಪುಸ್ತಕದಲ್ಲಿಯೋ ಕಂಡೇ ಇರುವಿರಿ. ಇದು ದಕ್ಷಿಣ ಅಮೇರಿಕೆಯ ಪೆರು ದೇಶದಲ್ಲಿ ಇಂಕಾ ಅರಸರು ಕಟ್ಟಿಸಿದ ಗಿರಿನಗರ, ಮಾಚು ಪಿಚ್ಚು. ವರ್ಷವರ್ಷವೂ ಲಕ್ಷಾಂತರ ಜನರು ಅಲ್ಲಿಗೆ ಹೋಗುತ್ತಾರೆ. ಬಹುಮಟ್ಟಿಗೆ ಎಲ್ಲರೂ ಒಂದೇ ಎತ್ತರದ ಜಗಲಿಯ ಮೇಲೆ ನಿಂತು ಇದೊಂದೇ ಚಿತ್ರವನ್ನು ತೆಗೆದುಕೊಂಡು ಹಿಂದಿರುಗುತ್ತಾರೆ. ಚಿತ್ರವೇನೋ ಮನೋಹರವಾಗಿದೆ. ಆದರೆ ಅಂಥ ಕಡಿದಾದ ಬೆಟ್ಟದ ಮೇಲೆ ಈ ನಗರವು ಕುಸಿಯದೆ ಹೇಗೆ ನಿಂತಿತು, ಅಲ್ಲಿ ಯಾರು ಬಾಳಿದರು ಎಂಬ ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿಲ್ಲ. ಉತ್ತರ ಬೇಕಾದವನು ಕ್ಯಾಮೆರಾವನ್ನು ಬೇರೆ ಕಡೆಗೆ ತಿರುಗಿಸಬೇಕಾಗುತ್ತದೆ.

ಇಂಕಾ ಸಾಮ್ರಾಜ್ಯದ ರಾಜಧಾನಿಯು ಕುಸ್ಕೋ. ಅಲ್ಲಿಂದ ವಾಯವ್ಯಕ್ಕೆ, ಉರುಬಂಬಾ ನದಿಯು ಬಳಸಿ ಹರಿಯುವ ಒಂದು ಬೆಟ್ಟದ ಏಣಿನ ಮೇಲೆ, ಸಮುದ್ರಮಟ್ಟದಿಂದ ಸುಮಾರು ೨,೪೩೦ ಮೀಟರು ಎತ್ತರದಲ್ಲಿ ಮಾಚು ಪಿಚ್ಚು ಇರುತ್ತದೆ. ಪಚಕುತಿ ಎಂಬ ಅರಸನು ತನ್ನ ಪರಿವಾರದೊಡನೆ ಬಂದು ತಂಗುವುದಕ್ಕಾಗಿ ಇದನ್ನು ಕಟ್ಟಿಸಿದನೆಂದು ವಿದ್ವಾಂಸರು ಬಹುಮಟ್ಟಿಗೆ ಒಪ್ಪಿದ್ದಾರೆ. ೨೦೨೧ರಲ್ಲಿ ಪ್ರಕಟವಾದ ಅಸ್ಥಿಪರೀಕ್ಷೆಗಳ ಪ್ರಕಾರ ೧೪೨೦ರ ಸುಮಾರಿಗೆ ಅಲ್ಲಿ ಜನವಾಸವು ಆರಂಭವಾಗಿತ್ತು. ಅಂದರೆ ವಿಜಯನಗರದಲ್ಲಿ ಪ್ರೌಢದೇವರಾಯನು ಆಳುತ್ತಿದ್ದಾಗ ಇಲ್ಲಿಯೂ ಉಳಿಯ ಸದ್ದು ಕೇಳುತ್ತಿದ್ದಿರಬೇಕು. ಉಳಿ ಎಂದೆನಾದರೂ ಅದು ಕಬ್ಬಿಣದ ಉಳಿಯಲ್ಲ. ಇಂಕಾ ಜನರಿಗೆ ಕಬ್ಬಿಣವು ತಿಳಿದಿರಲಿಲ್ಲ. ಗಟ್ಟಿಯಾದ ಗುಂಡುಕಲ್ಲುಗಳಿಂದ ಕುಟ್ಟಿಕುಟ್ಟಿಯೇ ಅವರು ಗ್ರಾನೈಟ್ ಶಿಲೆಯನ್ನು ನಯಗೊಳಿಸಿದರು. ಬಂಡಿಯ ಚಕ್ರವಿಲ್ಲ, ಬರೆಯುವ ಲಿಪಿಯಿಲ್ಲ. ಲೆಕ್ಕಪತ್ರವೆಲ್ಲವೂ ಕೀಪು ಎಂಬ ಗಂಟುಹಾಕಿದ ದಾರಗಳಲ್ಲಿ. ೧೫೩೨ರಲ್ಲಿ ಸ್ಪೇನ್ ದೇಶದವರು ದಂಡೆತ್ತಿ ಬಂದರು. ಆ ಕಾಲಕ್ಕೆ ಈ ನಗರವು ಬರಿದಾಯಿತು.

‘ಕಳೆದುಹೋದ ನಗರ’ ಎಂಬ ಮಾತು ಮಾಚು ಪಿಚ್ಚುವಿಗೆ ಅಂಟಿಕೊಂಡಿದೆ. ಆ ಮಾತನ್ನು ಪ್ರಚಾರ ಮಾಡಿದುದರಲ್ಲಿ ಛಾಯಾಚಿತ್ರಗಳ ಪಾಲು ದೊಡ್ಡದು. ೧೯೧೧ನೆಯ ಇಸವಿ ಜುಲೈ ೨೪ರಂದು, ಜಿನುಗುಮಳೆಯ ಒಂದು ಮುಂಜಾನೆ, ಅಮೇರಿಕದ ಯೇಲ್ ವಿಶ್ವವಿದ್ಯಾಲಯದ ಅಧ್ಯಾಪಕನಾದ ಹೈರಮ್ ಬಿಂಗ್‌ಹಮ್ ಎಂಬವನು ಈ ಬೆಟ್ಟವನ್ನೇರಿದನು. ದಾರಿ ತೋರಿಸಿದವನು ಮೆಲ್ಚೋರ್ ಆರ್ತೆಯಾಗಾ ಎಂಬ ಆ ಊರಿನ ರೈತ. ಅವನ ಕೂಲಿ ಒಂದು ಸೋಲ್ ನಾಣ್ಯ. ಮೇಲೆ ಹೋಗಿ ನೋಡಿದರೆ ಅಲ್ಲಿ ಒಕ್ಕಲು ಕುಟುಂಬಗಳು ವಾಸವಾಗಿದ್ದವು! ಇಂಕಾಗಳ ಮೆಟ್ಟಿಲುಹೊಲಗಳನ್ನು ಹಸನುಮಾಡಿ ಅವರು ಬೆಳೆ ತೆಗೆಯುತ್ತಿದ್ದರು. ಮುಂದೆ ಬಿಂಗ್‌ಹಮ್‌ನನ್ನು ಗೋಡೆಗಳ ನಡುವೆ ಕೈಹಿಡಿದು ನಡೆಸಿದವನು ಆ ಮನೆಯ ಒಬ್ಬ ಚಿಕ್ಕ ಹುಡುಗ. ಅಷ್ಟೇ ಅಲ್ಲ, ಒಂದು ಗೋಡೆಯ ಮೇಲೆ ಇದ್ದಲಿನಿಂದ ‘ಲಿಸಾರ್ರಾಗಾ, ೧೯೦೨’ ಎಂದು ಬರೆದಿದ್ದಿತು. ಅದೇ ಕಣಿವೆಯ ಅಗಸ್ಟಿನ್ ಲಿಸಾರ್ರಾಗಾ ಎಂಬವನು ಒಂಬತ್ತು ವರ್ಷ ಮೊದಲೇ ಬಂದುಹೋಗಿದ್ದನು. ಬಿಂಗ್‌ಹಮ್‌ನು ಆ ಹೆಸರನ್ನು ತನ್ನ ಟಿಪ್ಪಣಿಯಲ್ಲಿ ಬರೆದುಕೊಂಡನು. ಆದರೆ ಲಿಸಾರ್ರಾಗಾನ ಬಳಿ ಕ್ಯಾಮೆರಾ ಇರಲಿಲ್ಲ, ಬಿಂಗ್‌ಹಮ್‌ನ ಬಳಿ ಇದ್ದಿತು. ಕೀರ್ತಿಯು ಯಾರ ಪಾಲಾಯಿತೆಂಬುದನ್ನು ಹೇಳಬೇಕಾಗಿಲ್ಲ.

ಮರುವರ್ಷ ಅವನು ದೊಡ್ಡ ತಂಡದೊಡನೆ ಬಂದು, ಕಾಡನ್ನು ಕಡಿಸಿ, ನೂರಾರು ಚಿತ್ರಗಳನ್ನು ತೆಗೆದನು. ೧೯೧೩ರ ಏಪ್ರಿಲ್ ತಿಂಗಳ ‘ನ್ಯಾಷನಲ್ ಜಿಯಾಗ್ರಫಿಕ್’ ಪತ್ರಿಕೆಯು ಇಡಿಯಾಗಿ ಈ ಶೋಧಕ್ಕೇ ಮೀಸಲಾಯಿತು. ಓದಿದ ಲೋಕವು ಬೆರಗಾಯಿತು. ಇಂಕಾಗಳ ಕೊನೆಯ ಆಶ್ರಯಸ್ಥಾನವಾದ ವಿಲ್ಕಬಂಬಾ ಇದೇ ಎಂದು ಬಿಂಗ್‌ಹಮ್‌ನು ನಂಬಿದನು, ಇತರರನ್ನೂ ನಂಬಿಸಿದನು. ಅದು ತಪ್ಪು. ನಿಜವಾದ ವಿಲ್ಕಬಂಬಾ ಕೆಳಗಿನ ಕಾಡಿನಲ್ಲಿ, ಎಸ್ಪಿರಿತು ಪಾಂಪಾ ಎಂಬಲ್ಲಿದೆಯೆಂಬುದು ೧೯೬೪ರ ಅನಂತರ ಸ್ಪಷ್ಟವಾಯಿತು. ಚಮತ್ಕಾರವೆಂದರೆ, ಬಿಂಗ್‌ಹಮ್‌ನು ೧೯೧೧ರಲ್ಲಿಯೇ ಆ ಕಾಡಿಗೂ ಹೋಗಿದ್ದನು. ಪೊದೆಗಳಲ್ಲಿ ಮುಚ್ಚಿಹೋಗಿದ್ದ ಆ ಅವಶೇಷಗಳು ಅವನ ಮನಸ್ಸಿಗೆ ಹಿಡಿಸಲಿಲ್ಲ. ಅಂದವಾಗಿ ಕಂಡುದೇ ಮುಖ್ಯವಾದುದೆಂಬ ಭ್ರಮೆಗೆ ವಿದ್ವಾಂಸರೂ ಒಳಗಾಗುವುದುಂಟು. ಅವನು ಅಗೆದು ಅಮೇರಿಕೆಗೆ ಒಯ್ದ ವಸ್ತುಗಳು ಪೆರುವಿಗೆ ಮರಳಿದ್ದು ೨೦೧೧-೧೨ರಲ್ಲಿ, ದೀರ್ಘ ವಿವಾದದ ಬಳಿಕ.

ಆ ನಾಡಿನವನೇ ಆದ ಇನ್ನೊಬ್ಬ ಛಾಯಾಗ್ರಾಹಕನನ್ನು ಇಲ್ಲಿ ನೆನೆಯುವುದು ಯುಕ್ತ. ಮಾರ್ತಿನ್ ಚಾಂಬಿ ಎಂಬಾತನು ೧೮೯೧ರಲ್ಲಿ ಪೂನೋ ಪ್ರಾಂತದ ಹಳ್ಳಿಯೊಂದರಲ್ಲಿ, ಕೆಚುವಾ ಭಾಷೆಯ ರೈತಕುಟುಂಬದಲ್ಲಿ ಜನಿಸಿದನು. ಚಿನ್ನದ ಗಣಿಗೆ ಬಂದಿದ್ದ ಇಂಗ್ಲಿಷರ ಕೈಯಲ್ಲಿ ಮೊದಲು ಕ್ಯಾಮೆರಾ ಕಂಡು, ವಿದ್ಯೆಯನ್ನು ಕಲಿತು, ೧೯೨೦ರ ಸುಮಾರಿಗೆ ಕುಸ್ಕೋದಲ್ಲಿ ಚಿತ್ರಶಾಲೆಯನ್ನು ತೆರೆದನು. ಭಾರವಾದ ಗಾಜಿನ ಫಲಕಗಳನ್ನು ಹೊರಿಸಿಕೊಂಡು ಬೆಟ್ಟವೇರಿ ಅವನು ತೆಗೆದ ಮಾಚು ಪಿಚ್ಚುವಿನ ಚಿತ್ರಗಳು ಇಂದಿಗೂ ಪ್ರಸಿದ್ಧ. ಅದೇ ಕ್ಯಾಮೆರಾದ ಮುಂದೆ ಆ ಸೀಮೆಯ ರೈತರು, ವಾದ್ಯಗಾರರು, ಕೂಲಿಗಳು ಕೂಡ ಶ್ರೀಮಂತರಷ್ಟೇ ಗಾಂಭೀರ್ಯದಿಂದ ನಿಂತಿದ್ದಾರೆ. ನನಗಂತೂ ಬಿಂಗ್‌ಹಮ್‌ನ ಚಿತ್ರಗಳಿಗಿಂತ ಇವು ಹೆಚ್ಚು ಸತ್ಯವಾಗಿ ತೋರುತ್ತವೆ.

ಇನ್ನು ಪ್ರವಾಸಿಯ ವಿಷಯ. ಕುಸ್ಕೋ ನಗರವು ಸುಮಾರು ೩,೪೦೦ ಮೀಟರು ಎತ್ತರದಲ್ಲಿದೆ, ಅಂದರೆ ಮಾಚು ಪಿಚ್ಚುವಿಗಿಂತಲೂ ಮೇಲೆ. ಅಲ್ಲಿ ಗಾಳಿಯು ತೆಳು. ಮುಂಬಯಿಯಂಥ ಕಡಲತೀರದಿಂದ ಹೋದವನಿಗೆ ನಾಲ್ಕು ಮೆಟ್ಟಿಲೇರಿದರೆ ಏದುಸಿರು, ತಲೆನೋವು. ಎರಡು ದಿನ ಸುಮ್ಮನೆ ವಿಶ್ರಮಿಸಿ ಮುಂದೆ ಹೊರಡುವುದು ಲೇಸು. ರೈಲು ಮತ್ತು ಬಸ್ಸಿನ ಮಾರ್ಗವಿದೆ. ಕಾಲ್ನಡೆಯವರಿಗೆ ಇಂಕಾಗಳೇ ಕಲ್ಲು ಹಾಸಿದ ಸುಮಾರು ೪೩ ಕಿಲೋಮೀಟರಿನ ದಾರಿಯಿದೆ, ನಾಲ್ಕು ದಿನಗಳ ಪಯಣ. ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಮಳೆ ಕಡಿಮೆ.

ಚಿತ್ರ ತೆಗೆಯುವವನು ನಮ್ಮ ನಾಡಿನ ಅಭ್ಯಾಸವನ್ನು ಇಲ್ಲಿ ಬಿಡಬೇಕು. ಮಾಚು ಪಿಚ್ಚುವು ಭೂಮಧ್ಯರೇಖೆಯ ದಕ್ಷಿಣಕ್ಕೆ ೧೩ ಅಂಶಗಳಲ್ಲಿದೆ. ಆ ಒಣ ತಿಂಗಳುಗಳಲ್ಲಿ ನಡುಹಗಲಿನ ಸೂರ್ಯನು ಉತ್ತರ ದಿಕ್ಕಿನಲ್ಲಿರುತ್ತಾನೆ. ಆ ಪ್ರಸಿದ್ಧ ಶಿಖರ, ಹುಯಾನಾ ಪಿಚ್ಚು, ನಗರದ ಉತ್ತರಕ್ಕೇ ಇರುವುದರಿಂದ ಮಧ್ಯಾಹ್ನದಲ್ಲಿ ಬೆಳಕು ಕಣ್ಣಿಗೇ ಬಡಿಯುತ್ತದೆ. ಬೆಳಗಿನ ಅಥವಾ ಸಂಜೆಯ ಓರೆಬೆಳಕಿನಲ್ಲಾದರೆ ಕಲ್ಲುಗಳ ಸಂದುಗಳಲ್ಲಿ ಸಣ್ಣ ನೆರಳು ಬಿದ್ದು ಕಟ್ಟಡದ ಕುಶಲತೆಯು ಎದ್ದು ಕಾಣುತ್ತದೆ. ಮಂಜು ಕವಿದಾಗ ಮತ್ತೊಂದು ತೊಡಕು: ಬಿಳಿಯ ಮಂಜನ್ನು ಕ್ಯಾಮೆರಾವು ಅತಿಯಾದ ಬೆಳಕೆಂದು ಭಾವಿಸಿ ಚಿತ್ರವನ್ನು ಕಪ್ಪಾಗಿಸುತ್ತದೆ; ಬೆಳಕನ್ನು ಒಂದಿಷ್ಟು ಹೆಚ್ಚಿಸಿಕೊಳ್ಳಬೇಕು.

ಬಾಗಿಲುಗಳ ಚಿತ್ರದಲ್ಲಿ ಇನ್ನೂ ಎಚ್ಚರಿಕೆ ಬೇಕು. ಇಂಕಾಗಳ ಬಾಗಿಲು, ಕಿಟಕಿ, ಗೂಡುಗಳೆಲ್ಲವೂ ಕೆಳಗೆ ಅಗಲ, ಮೇಲೆ ಕಿರಿದು. ಗೋಡೆಗಳೂ ತುಸು ಒಳಕ್ಕೆ ವಾಲಿರುತ್ತವೆ. ಉತ್ತಮ ಕಟ್ಟಡಗಳಲ್ಲಿ ಗಾರೆಯೇ ಇಲ್ಲ, ಕಲ್ಲಿಗೆ ಕಲ್ಲು ಹೊಂದಿ ಕೂತಿದೆ. ಭೂಕಂಪದ ನಾಡಿನಲ್ಲಿ ಗೋಡೆಯು ಉರುಳದೆ ನಿಲ್ಲಲು ಈ ವಾಲಿಕೆಯು ನೆರವಾಗುತ್ತದೆ. ಆದರೆ ಕ್ಯಾಮೆರಾವನ್ನು ಮೇಲ್ಮುಖವಾಗಿ ಓರೆಮಾಡಿದರೆ ನಮ್ಮ ಶಾಲೆಯ ನೆಟ್ಟನೆಯ ಬಾಗಿಲು ಕೂಡ ಮೇಲೆ ಕಿರಿದಾಗಿಯೇ ಕಾಣುವುದು! ಬೇಕಾದರೆ ಪರೀಕ್ಷಿಸಿ ನೋಡಿರಿ. ಆದಕಾರಣ ಕ್ಯಾಮೆರಾವನ್ನು ಸಮಮಟ್ಟದಲ್ಲಿ ಹಿಡಿಯಬೇಕು. ಇಲ್ಲವಾದರೆ ಶಿಲ್ಪಿಯ ವಾಲಿಕೆ ಎಷ್ಟು, ಕ್ಯಾಮೆರಾದ ಸುಳ್ಳು ಎಷ್ಟು ಎಂದು ತಿಳಿಯದು.

ಚಿತ್ರದ ಆಸೆಯು ಹಾನಿಯನ್ನೂ ಮಾಡಿದೆ. ನಗರದ ಎತ್ತರವಾದ ಒಂದು ಜಾಗದಲ್ಲಿ ಇಂತಿಹುವಾತಾನಾ ಎಂಬ, ಬಂಡೆಯಲ್ಲಿಯೇ ಕಡೆದ ಪವಿತ್ರಶಿಲೆಯಿದೆ. ಸ್ಪೇನಿನವರ ಕೈಗೆ ಸಿಕ್ಕದೆ ಉಳಿದ ಆ ಕಲ್ಲು ೨೦೦೦ದ ಸೆಪ್ಟೆಂಬರಿನಲ್ಲಿ ಒಂದು ಬಿಯರಿನ ಜಾಹೀರಾತಿನ ಚಿತ್ರೀಕರಣದ ವೇಳೆ ಕ್ರೇನು ಬಿದ್ದು ಅಂಚು ಮುಕ್ಕಾಯಿತು. ಇಂದು ಸಂದರ್ಶಕರು ಗೊತ್ತುಮಾಡಿದ ಹೊತ್ತಿಗೆ ಬಂದು ಗೊತ್ತಾದ ದಾರಿಯಲ್ಲಿಯೇ ನಡೆಯಬೇಕು. ಅಪ್ಪಣೆಯಿಲ್ಲದೆ ಮುಕ್ಕಾಲಿಯನ್ನಾಗಲಿ ಡ್ರೋನನ್ನಾಗಲಿ ಬಳಸುವಂತಿಲ್ಲ. ಕೆಲವರು ಇದಕ್ಕೆ ಗೊಣಗುತ್ತಾರೆ. ಗೊಣಗಲಿ.

ಈಗ ಮೊದಲಿನ ಪ್ರಶ್ನೆ: ನಗರವು ನಿಂತಿರುವುದು ಹೇಗೆ? ಅಲ್ಲಿ ವರ್ಷಕ್ಕೆ ಸುಮಾರು ೨,೦೦೦ ಮಿಲಿಮೀಟರು, ಹೆಚ್ಚುಕಡಿಮೆ ಮುಂಬಯಿಯಷ್ಟೇ, ಮಳೆ ಸುರಿಯುತ್ತದೆ. ನೀರು ಹರಿದುಹೋಗದಿದ್ದರೆ ಇಡಿಯ ಏಣು ಜಾರಿ ನದಿಗೆ ಬೀಳುತ್ತಿತ್ತು. ೧೯೯೦ರ ದಶಕದಲ್ಲಿ ಕೆನೆತ್ ರೈಟ್ ಎಂಬ ಅಮೇರಿಕದ ಇಂಜಿನಿಯರರು ತಮ್ಮ ಸಂಗಡಿಗರೊಡನೆ ಇದನ್ನು ಅಳೆದು ನೋಡಿದರು. ಮೆಟ್ಟಿಲುಹೊಲಗಳ ಅಡಿಯಲ್ಲಿ ಮೊದಲು ದಪ್ಪಕಲ್ಲು, ಅದರ ಮೇಲೆ ಜಲ್ಲಿ, ಮರಳು, ಕೊನೆಗೆ ಫಲವತ್ತಾದ ಮಣ್ಣು ಹೀಗೆ ಪದರಗಳನ್ನು ಹಾಸಲಾಗಿದೆ. ಮಳೆನೀರು ಸೋಸಿಕೊಂಡು ಸದ್ದಿಲ್ಲದೆ ಇಳಿದುಹೋಗುತ್ತದೆ. ಗೋಡೆಗಳಲ್ಲಿ ನೀರಿನ ಗಂಡಿಗಳು ನೂರಕ್ಕೂ ಹೆಚ್ಚು. ಕಟ್ಟಿದ ಕೆಲಸದಲ್ಲಿ ಸುಮಾರು ನೂರಕ್ಕೆ ಅರವತ್ತು ಪಾಲು ನೆಲದೊಳಗೇ ಇದೆಯೆಂದು ರೈಟರ ಅಂದಾಜು. ಆ ಮಣ್ಣಿನಲ್ಲಿ ಮೆಕ್ಕೆಜೋಳವೂ ಬಟಾಟೆಯೂ ಬೆಳೆಯುತ್ತಿದ್ದವು. ನೀವು ತಿನ್ನುವ ಬಟಾಟೆವಡೆಯ ಗಡ್ಡೆಗೆ ಈ ಆಂಡೀಸ್ ಪರ್ವತವೇ ತವರು.

ಕುಡಿಯುವ ನೀರಿಗಾಗಿ ಬೆಟ್ಟದ ಒರತೆಯಿಂದ ೭೪೯ ಮೀಟರು ಉದ್ದದ ಕಲ್ಲುಕಾಲುವೆಯನ್ನು ಹದವಾದ ಇಳಿಜಾರಿನಲ್ಲಿ ತಂದಿದ್ದಾರೆ. ಅದು ಮೆಟ್ಟಿಲುಸಾಲಿನ ಪಕ್ಕದಲ್ಲಿ ಒಂದರ ಕೆಳಗೊಂದಾಗಿ ಹದಿನಾರು ತೊಟ್ಟಿಗಳಿಗೆ ಇಳಿಯುತ್ತದೆ. ಮೊದಲ ತೊಟ್ಟಿಯು ಅರಸನ ಮನೆಯ ಬಳಿ, ಉಳಿದವು ಅದರ ಕೆಳಗೆ. ಧಾರೆಯು ಕೊಡದ ಬಾಯಿಗೆ ಸರಿಯಾಗಿ ಬೀಳುವಂತೆ ಕಲ್ಲಿನ ತುಟಿಯನ್ನು ಕೊರೆದಿದ್ದಾರೆ. ಇಂದಿಗೂ ಅಲ್ಲಿ ನೀರು ಧುಮುಕುತ್ತದೆ. ಈ ತೊಟ್ಟಿಗಳ ಮುಂದೆ ಯಾರೂ ಗುಂಪುಗೂಡುವುದಿಲ್ಲ. ಇವು ನೆರಳಿನಲ್ಲಿರುವುದರಿಂದ ಬೆಳಕಿಗೆ ಹೆಚ್ಚು ಅವಕಾಶ ಕೊಡಬೇಕು, ಕೈ ನಡುಗಬಾರದು. ಗೋಡೆಗೆ ಒರಗದೆ, ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಉಸಿರು ಹಿಡಿದು ಗುಂಡಿಯನ್ನು ಒತ್ತಿದರೆ ಧಾರೆಯು ಬಿಳಿಯ ನೂಲಿನಂತೆ ಮೂಡುತ್ತದೆ.