ಮನೆಗೆ ಬಣ್ಣ: ಕೆಲಸ ಒಪ್ಪಿಸುವ ಮುನ್ನ

ಪತ್ತನಾಜೆ ಹತ್ತಿರ ಬಂತೆಂದರೆ ಯಕ್ಷಗಾನ ಮೇಳಗಳಿಗೆ ಗೆಜ್ಜೆ ಬಿಚ್ಚುವ ಅವಸರ. ಮನೆಗೆ ಬಣ್ಣ ಕೊಡಿಸಹೊರಟವರಿಗೆ ಅದಕ್ಕೂ ಮಿಗಿಲಾದ ಅವಸರ. ಬೇಶ ತಿಂಗಳ ಹತ್ತರ ಆ ದಿನ, ಅಂದರೆ ಮೇ 24ರ ಸುಮಾರಿಗೆ, ಹೊರಗೋಡೆಯ ಕೆಲಸ ಮುಗಿದಿರಬೇಕು. ಜೂನ್‌ನಲ್ಲಿ ಮಳೆ ಹಿಡಿದರೆ ಮತ್ತೆ ಸಪ್ಟಂಬರದವರೆಗೆ ಗೋಡೆ ಒಣಗುವ ಮಾತಿಲ್ಲ. ವರ್ಷಕ್ಕೆ 3000 ಮಿಲ್ಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮ ಕಾಸರಗೋಡಿನಲ್ಲಿ ಪೈಂಟಿನ ಕೆಲಸಕ್ಕೆ ಮುಹೂರ್ತ ಇಡುವುದು ಜೋಯಿಸರಲ್ಲ, ಆಕಾಶ. ಮಳೆ ನಿಂತ ಕೂಡಲೇ ಸುರುಮಾಡುವುದೂ ಸರಿಯಲ್ಲ. ನಾಲ್ಕು ತಿಂಗಳು ನೀರು ಕುಡಿದ ಮುರಕಲ್ಲಿನ ಗೋಡೆಗೆ ಬಿಸಿಲು ಕಾಯಿಸಿಕೊಳ್ಳಲು ಒಂದೆರಡು ತಿಂಗಳಾದರೂ ಬೇಕು. ಡಿಸೆಂಬರದಿಂದ ಎಪ್ರಿಲಿನವರೆಗಿನ ಕಾಲವೇ ಯೋಗ್ಯ.

ಹಿಂದೆ ಈ ಚಿಂತೆ ಇರಲಿಲ್ಲವೆಂದಲ್ಲ, ಇಷ್ಟು ದುಬಾರಿಯಾಗಿರಲಿಲ್ಲ. ಚಿಪ್ಪು ಸುಟ್ಟ ಸುಣ್ಣವನ್ನು ಹಂಡೆಯಲ್ಲಿ ಅದ್ದಿ, ಸೋಸಿ, ಚಿಟಿಕೆ ನೀಲಿ ಬೆರೆಸಿ ಮನೆಮಂದಿಯೇ ಬಳಿಯುತ್ತಿದ್ದರು. ಮರುವರ್ಷ ಮತ್ತೆ ಬಳಿದರಾಯಿತು. ಸುಣ್ಣದ ಒಂದು ಗುಣವೆಂದರೆ ಗೋಡೆಯ ಒಳಗಿನ ಪಸೆಯನ್ನು ಅದು ಹೊರಗೆ ಹೋಗಲು ಬಿಡುತ್ತದೆ. ಈಗಿನ ಇಮಲ್ಶನ್ ಪೈಂಟುಗಳು ಗೋಡೆಯ ಮೇಲೆ ಒಂದು ಪೊರೆಯಂತೆ ಕೂರುವಂಥವು. ಪಸೆ ಇದ್ದ ಗೋಡೆಗೆ ಎಷ್ಟೇ ಬೆಲೆಯ ಪೈಂಟು ಕೊಟ್ಟರೂ ಮೊದಲ ಮಳೆಗಾಲದಲ್ಲೇ ಅದು ಗುಳ್ಳೆ ಎದ್ದು ಹಪ್ಪಳದ ಹಾಗೆ ಕಳಚಿ ಬೀಳುತ್ತದೆ. ಆಮೇಲೆ ಪೈಂಟಿನ ಕಂಪೆನಿಯನ್ನೋ ಮೇಸ್ತ್ರಿಯನ್ನೋ ಬಯ್ದು ಪ್ರಯೋಜನವೇನು?

ಆದುದರಿಂದ ಕೆಲಸದವರನ್ನು ಕರೆಯುವ ಮೊದಲು ಗೋಡೆಯನ್ನು ಪರೀಕ್ಷಿಸತಕ್ಕದ್ದು. ಸುಲಭದ ಉಪಾಯ ಒಂದುಂಟು. ಮೊಳದಗಲದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿಗೆ ಟೇಪು ಹಚ್ಚಿ ಗೋಡೆಗೆ ಬಿಗಿಯಾಗಿ ಅಂಟಿಸಿ ಒಂದು ಹಗಲು ಒಂದು ರಾತ್ರಿ ಬಿಡಿ. ಹಾಳೆಯ ಒಳಮೈಯಲ್ಲಿ ನೀರು ಹನಿಗಟ್ಟಿದ್ದರೆ ಗೋಡೆ ಇನ್ನೂ ಒಣಗಿಲ್ಲ. ನೀರು ಬರುವ ದಾರಿ ಎಲ್ಲಿದೆ ನೋಡಿ: ತಾರಸಿಯ ಬಿರುಕು, ಸನ್‌ಶೇಡಿನ ಸಂದು, ಒಡೆದ ನೀರಿನ ಪೈಪು. ಅದನ್ನು ಮುಚ್ಚದೆ ಬಣ್ಣ ಕೊಡಿಸುವುದು ಹಣವನ್ನು ಹೊಳೆಗೆ ಹಾಕಿದಂತೆ. ಹೊಸ ಮನೆಯಾದರೆ ಸಾರಣೆಯಾಗಿ ಕನಿಷ್ಠ 28 ದಿನ ಕಳೆಯಬೇಕು. ಹೊರಗೋಡೆಯ ಕಪ್ಪು ಹಾವಸೆಯನ್ನು ಬರೇ ಉಜ್ಜಿದರೆ ಸಾಲದು, ಬ್ಲೀಚಿಂಗ್ ಪೌಡರಿನ ನೀರು ಹಚ್ಚಿ ಚೆನ್ನಾಗಿ ತೊಳೆದು ಒಣಗಿಸಬೇಕು. ಇಲ್ಲವಾದರೆ ಹೊಸ ಬಣ್ಣದ ಅಡಿಯಿಂದಲೇ ಅದು ಮತ್ತೆ ತಲೆ ಎತ್ತುತ್ತದೆ.

ಇನ್ನು ಕರಾರಿನ ವಿಷಯ. ದಿನಕೂಲಿಗೆ ಕರೆಯಬಹುದು, ಕೂಲಿ ಮಾತ್ರ ಕಂತ್ರಾಟು ಕೊಡಬಹುದು, ಸಾಮಾನು ಸಮೇತ ಒಪ್ಪಿಸಿಬಿಡಬಹುದು. ಕೂಲಿಯ ದರ ದೇಶದಲ್ಲೇ ಹೆಚ್ಚಾಗಿರುವ ಕೇರಳದಲ್ಲಿ ದಿನಕೂಲಿಯ ಕೆಲಸ ಎಳೆದಷ್ಟೂ ಎಳೆಯುತ್ತದೆ. ಸಾಮಾನು ಸಮೇತದ ಕಂತ್ರಾಟಿನಲ್ಲಿ ಮೂರನೆಯ ಕೋಟು ಎರಡಾಗುವ, ಪೈಂಟಿಗೆ ನೀರು ಹೆಚ್ಚಾಗುವ ಭಯ. ಸಾಮಾನು ನಾವೇ ತಂದು ಕೂಲಿಯನ್ನು ಚದರ ಅಡಿಗೆ ಇಷ್ಟೆಂದು ನಿಶ್ಚಯಿಸುವುದೇ ಮೇಲೆಂದು ನನ್ನ ಅಭಿಪ್ರಾಯ. ಆದರೆ 'ಚದರ ಅಡಿ' ಎಂದರೆ ಯಾವುದು? ನೆಲದ ಅಳತೆಯೋ ಗೋಡೆಯ ಅಳತೆಯೋ? ಜಗಳಗಳು ಹೆಚ್ಚಾಗಿ ಹುಟ್ಟುವುದು ಇಲ್ಲೇ. ಬಾಗಿಲು ಕಿಟಿಕಿ ಕಳೆದ ಲೆಕ್ಕವೋ, ಕಳೆಯದ ಲೆಕ್ಕವೋ ಎಂಬುದನ್ನೂ ಮೊದಲೇ ಕೇಳಿ.

ಲೆಕ್ಕ ಕಷ್ಟವೇನಲ್ಲ, ಏಳನೆಯ ತರಗತಿಯ ಮಕ್ಕಳಿಗೆ ಕೊಟ್ಟರೆ ಮಾಡಿಯಾರು. 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆಯ ಸುತ್ತಳತೆ 44 ಅಡಿ, ನಾಲ್ಕು ಗೋಡೆ ಸೇರಿ 440 ಚದರ ಅಡಿ. ಬಾಗಿಲು ಕಿಟಿಕಿಗೆ 50 ಕಳೆದರೆ 390. ನಯವಾದ ಗೋಡೆಗೆ ಎರಡು ಕೋಟಿನ ಲೆಕ್ಕದಲ್ಲಿ ಒಂದು ಲೀಟರ್ ಇಮಲ್ಶನ್ ಸುಮಾರು 60ರಿಂದ 70 ಚದರ ಅಡಿಗೆ ಬರುತ್ತದೆ. ಎಂದರೆ ಕೋಣೆಯೊಂದಕ್ಕೆ ಆರು ಲೀಟರ್ ಹಿಡಿಯಿರಿ. ಹತ್ತು ಲೀಟರಿನ ಚೀಟಿ ಬರೆದುಕೊಟ್ಟರೆ ಯಾಕೆಂದು ಕೇಳುವ ಹಕ್ಕು ನಿಮಗುಂಟು. ಕೆಲವು ಕಂಪೆನಿಗಳ ಡಬ್ಬಿಯೊಳಗೆ ಪೈಂಟರಿಗೆಂದೇ ಟೋಕನ್ ಇರುತ್ತದೆ, ಅದಕ್ಕೆ ಹಣ ಸಿಗುತ್ತದೆ ಎಂಬುದನ್ನೂ ಬಲ್ಲವರು ಬಲ್ಲರು. ಅವನು ಇಂಥದೇ ಪೈಂಟು ಆಗಬೇಕೆಂದು ಪಟ್ಟು ಹಿಡಿಯಲು ಅದೂ ಒಂದು ಕಾರಣವಿದ್ದೀತು. ಅದು ತಪ್ಪೆಂದು ನಾನು ಹೇಳುತ್ತಿಲ್ಲ. ಗೊತ್ತಿದ್ದು ಒಪ್ಪುವುದು ಬೇರೆ, ಗೊತ್ತಿಲ್ಲದೆ ಒಪ್ಪುವುದು ಬೇರೆ.

ಕರಾರನ್ನು ಯಾವ ಭಾಷೆಯಲ್ಲಿ ಬರೆಯುವುದೆಂಬುದು ನಮ್ಮಂಥವರಿಗೆ ಮಾತ್ರ ಬರುವ ಪ್ರಶ್ನೆ. ಮೇಸ್ತ್ರಿ ಮಲಯಾಳಿ, ಅವನ ಕೈಕೆಳಗಿನವರು ಬಂಗಾಳದಿಂದಲೋ ಒಡಿಶಾದಿಂದಲೋ ಬಂದವರು, ಮನೆಯ ಹಿರಿಯರಿಗೆ ತುಳು ಕನ್ನಡ ಬಿಟ್ಟರೆ ಬೇರೆ ಓದಲು ಬಾರದು. 'ರಂಡ್ ಕೋಟ್' ಎಂದು ಬಾಯಲ್ಲಿ ಹೇಳಿದ್ದರಲ್ಲಿ ಪ್ರೈಮರೂ ಸೇರಿತೇ ಎಂಬುದಕ್ಕೆ ಮನಸ್ತಾಪವಾದದ್ದುಂಟು. ಒಂದೇ ಕಾಗದದಲ್ಲಿ ಎಡಬದಿಗೆ ಕನ್ನಡ, ಬಲಬದಿಗೆ ಮಲಯಾಳ ಬರೆಸಿ ಇಬ್ಬರೂ ರುಜು ಹಾಕಿದರೆ ಯಾರಿಗೂ ನಷ್ಟವಿಲ್ಲ. ಪುಟ್ಟಿ ಎಷ್ಟು ಕೈ, ಪ್ರೈಮರ್ ಎಷ್ಟು, ಪೈಂಟು ಎಷ್ಟು, ಬಾಗಿಲು ಕಿಟಿಕಿಯ ಇನಾಮಲ್ ಸೇರಿದೆಯೇ, ನೆಲಕ್ಕೆ ಬಿದ್ದ ಬಣ್ಣ ತೊಳೆಯುವವರು ಯಾರು, ಇಷ್ಟಿದ್ದರೆ ಸಾಕು. ಗೇಟಿನ ಮೇಲೆ ಮನೆಯ ಹೆಸರು ಕನ್ನಡದಲ್ಲಿ ಬರೆಸುವುದಿದ್ದರೆ ಅಕ್ಷರಗಳನ್ನು ದೊಡ್ಡದಾಗಿ ನೀವೇ ಬರೆದುಕೊಡಿ. ಕನ್ನಡ ಓದಲು ಬಾರದವನು ಚಿತ್ರದಂತೆ ನೋಡಿ ಬರೆಯುವಾಗ ಒತ್ತಕ್ಷರ ಎಲ್ಲೆಲ್ಲಿಗೋ ಹೋಗುತ್ತದೆ, ಅವನನ್ನು ದೂರಿ ಫಲವಿಲ್ಲ.

ಬೆಲೆಗಿಂತ ಹೆಚ್ಚು ಗಮನಿಸಬೇಕಾದ ವಿಷಯ ಸೀಸದ್ದು. ಮನೆಗೆ ಬಳಿಯುವ ಪೈಂಟಿನಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಪಾಲಿಗಿಂತ ಹೆಚ್ಚಿರಕೂಡದೆಂದು ಕೇಂದ್ರ ಸರಕಾರ 2016ರಲ್ಲಿ ಮಾಡಿದ ನಿಯಮ 2017ರ ನವೆಂಬರ 1ರಂದು ಜಾರಿಗೆ ಬಂತು. ಅದಕ್ಕೂ ಹಿಂದೆ ಬಳಿದ ಬಾಗಿಲು, ಕಿಟಿಕಿ ಸರಳುಗಳ ಇನಾಮಲಿನಲ್ಲಿ, ಮುಖ್ಯವಾಗಿ ಹಳದಿ, ಕೆಂಪು, ಹಸಿರಿನಲ್ಲಿ, ಸೀಸ ಬಹಳವಿದ್ದಿರಬಹುದು. ಅದನ್ನು ಮರಳು ಕಾಗದದಿಂದ ಒಣಗಿದಲ್ಲೇ ಉಜ್ಜಿದರೆ ಧೂಳು ಮನೆಯೆಲ್ಲ ಹಾರುತ್ತದೆ. ತೆವಳುವ ಮಗು ಅದೇ ನೆಲದ ಕೈಯನ್ನು ಬಾಯಿಗಿಡುತ್ತದೆ. ಸೀಸ ಎಳೆಯ ಮಕ್ಕಳ ಮೆದುಳಿನ ಬೆಳವಣಿಗೆಯನ್ನು ಕೆಡಿಸುತ್ತದೆ, ಕೆಟ್ಟದ್ದು ಮತ್ತೆ ಸರಿಯಾಗುವುದಿಲ್ಲ. ನೀರು ತಾಗಿಸಿ ಉಜ್ಜಲು ಹೇಳಿ. ಮಕ್ಕಳನ್ನೂ ಗರ್ಭಿಣಿಯರನ್ನೂ ಆ ದಿನಗಳಲ್ಲಿ ನೆಂಟರ ಮನೆಗೆ ಕಳುಹಿಸಿ. ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಒರಸಿ. ದಿನವಿಡೀ ಉಜ್ಜುವವನ ಮೂಗಿಗೆ ಸರಿಯಾದ ಮಾಸ್ಕನ್ನು ನಾವೇ ತಂದುಕೊಟ್ಟರೆ ಎಷ್ಟು ಖರ್ಚಾದೀತು?

ಅಟ್ಟಳಿಗೆಯ ಮಾತೂ ಇದೇ. ಎರಡು ಮಾಳಿಗೆಯ ಮನೆಗೆ ಬಿದಿರ ಏಣಿಯೊಂದನ್ನು ಒರಗಿಸಿ ಒಬ್ಬ ಹುಡುಗನನ್ನು ಹತ್ತಿಸುವ ಮೇಸ್ತ್ರಿ ಎಷ್ಟು ಅಗ್ಗಕ್ಕೆ ಬಂದರೂ ಬೇಡ. ಹಗ್ಗ, ಬೆಲ್ಟು ಉಂಟೋ ಕೇಳಿ. ಕೆಲಸದವರು ಕಟ್ಟಡ ಕಾರ್ಮಿಕರ ಕ್ಷೇಮನಿಧಿಯ ಸದಸ್ಯರೋ ವಿಚಾರಿಸಿ. ಕರೆಂಟಿನ ವಯರು ಗೋಡೆಗೆ ತಾಗಿ ಹೋಗಿದ್ದರೆ ವಿದ್ಯುತ್ ಕಚೇರಿಗೆ ಮೊದಲೇ ತಿಳಿಸಿ ಆ ಹೊತ್ತಿಗೆ ಲೈನು ತೆಗೆಸಬೇಕು.

ಹಣವನ್ನು ಮೂರು ಕಂತು ಮಾಡಿ. ಮೊದಲಿನದು ಕೆಲಸ ಸುರುವಾದ ದಿನ, ಎರಡನೆಯದು ಪ್ರೈಮರ್ ಮುಗಿದಾಗ, ಉಳಿದದ್ದು ಬೆಳಗ್ಗಿನ ಬೆಳಕಿನಲ್ಲಿ ಗೋಡೆ ಗೋಡೆ ನೋಡಿದ ಮೇಲೆ. ಸಂಜೆಯ ಬಲ್ಬಿನ ಬೆಳಕಿನಲ್ಲಿ ಎಲ್ಲ ಗೋಡೆಯೂ ಚಂದವೇ. ಮಿಕ್ಕಿದ ಪೈಂಟನ್ನು ಬಿಗಿಯಾಗಿ ಮುಚ್ಚಿ, ಬಣ್ಣದ ನಂಬ್ರವನ್ನು ಡಬ್ಬಿಯ ಮೇಲೆ ಬರೆದಿಡಿ. ಮಳೆಗಾಲ ಕಳೆದು ಒಂದೆರಡು ಕಡೆ ಕಲೆ ಬಿದ್ದರೆ ಅದೇ ಬಣ್ಣ ಹಚ್ಚಲು ಬೇಕಾಗುತ್ತದೆ.