ಫುಟ್‌ಬಾಲ್: ಪಾಸ್ ಕಲಿಯುವ ಬಗೆ

ಒಂದು ಚೆಂಡು, 30 ಮಕ್ಕಳು, 40 ನಿಮಿಷದ ಆಟದ ಪಿರಿಯಡ್. ಕಡಬ ತಾಲೂಕಿನ ಆಲಂಕಾರಿನಂಥ ಊರಿನ ಶಾಲೆಯಲ್ಲಿ ಇದರ ಫಲವೇನೆಂದು ಲೆಕ್ಕ ಹಾಕುವುದು ಕಷ್ಟವಲ್ಲ. ಹನ್ನೊಂದು ಜನರ ಎರಡು ತಂಡ ಮಾಡಿದರೆ ಎಂಟು ಮಂದಿ ಹೊರಗೆ ಕೂರಬೇಕು. ಆಡುವ 22 ಮಂದಿಗೆ ಚೆಂಡು ಸಮನಾಗಿ ಸಿಕ್ಕಿದರೂ ತಲಾ ಎರಡು ನಿಮಿಷವೂ ಪಾಲಿಗೆ ಬರುವುದಿಲ್ಲ. ಸಮನಾಗಿ ಸಿಗುವುದೂ ಇಲ್ಲವಲ್ಲ! ಬಲಿಷ್ಠರಾದ ನಾಲ್ವರು ಚೆಂಡಿನ ಹಿಂದೆ, ಉಳಿದವರೆಲ್ಲ ಆ ನಾಲ್ವರ ಹಿಂದೆ. ವರ್ಷವಿಡೀ ಹೀಗೆ ಓಡಿದ ಹುಡುಗ ಕೊನೆಗೆ ತನಗೆ ಫುಟ್‌ಬಾಲ್ ಬರುವುದಿಲ್ಲ ಎಂದು ತೀರ್ಮಾನಿಸಿಬಿಡುತ್ತಾನೆ. ಹುಡುಗಿಯರನ್ನು ಥ್ರೋಬಾಲ್‌ಗೆ ಕಳುಹಿಸಿ ಕೈತೊಳೆದುಕೊಳ್ಳುವ ಪದ್ಧತಿಯಂತೂ ಬೇರೆಯೇ ಮಾತು.

ಆದ್ದರಿಂದ ಕಲಿಕೆಯ ಮೊದಲ ಹೆಜ್ಜೆ ಮೈದಾನವನ್ನು ತುಂಡು ಮಾಡುವುದು. ನಾಲ್ವರ ವಿರುದ್ಧ ನಾಲ್ವರು ಆಡಿದರೆ ಅದೇ 40 ನಿಮಿಷದಲ್ಲಿ ತಲಾ ಐದು ನಿಮಿಷ ದೊರೆಯುತ್ತದೆ. ಇನ್ನೂ ಎರಡು ಚೆಂಡು ಬೇಕಾಗುತ್ತದೆ, ನಿಜ. ಗಡಿ ಗುರುತಿಗೆ ಮಾತ್ರ ಏನನ್ನೂ ಕೊಳ್ಳಬೇಕಿಲ್ಲ. ತೋಟದ ಅಡಿಕೆ ಹಾಳೆಯ ತುಂಡುಗಳೇ ಸಾಕು.

ಈಗ ಪಾಸ್‌ನ ವಿಚಾರ. ಕಾಲ್ಬೆರಳ ತುದಿಯಿಂದ ಒದ್ದರೆ ಚೆಂಡು ಜೋರಾಗಿ ಹೋಗುತ್ತದೆ, ಆದರೆ ಎಲ್ಲಿಗೆ ಹೋಗುತ್ತದೆಂದು ಒದ್ದವನಿಗೇ ಖಾತ್ರಿಯಿರುವುದಿಲ್ಲ. ದುಂಡನೆಯ ಚೆಂಡಿಗೆ ಚೂಪಾದ ತುದಿ ತಗುಲುವಾಗ ಜಾಗ ಸ್ವಲ್ಪ ತಪ್ಪಿದರೂ ದಿಕ್ಕು ಬಹಳ ತಪ್ಪುತ್ತದೆ. ಪಾದದ ಒಳಬದಿ ಅಗಲವಾಗಿ, ಬಹುಮಟ್ಟಿಗೆ ಚಪ್ಪಟೆಯಾಗಿ ಇರುವುದರಿಂದ ಅಲ್ಲಿ ತಪ್ಪಿಗೆ ಅವಕಾಶ ಕಡಿಮೆ. ದಿಕ್ಕು ಐದು ಡಿಗ್ರಿ ತಪ್ಪಿತೆನ್ನಿ. 10 ಮೀಟರ್ ದೂರದಲ್ಲಿ ಚೆಂಡು ಸುಮಾರು 87 ಸೆಂಟಿಮೀಟರ್ ಪಕ್ಕಕ್ಕೆ ಸರಿಯುತ್ತದೆ. ಗೆಳೆಯ ಒಂದು ಹೆಜ್ಜೆ ಸರಿದು ಹಿಡಿಯಬಲ್ಲ. 20 ಮೀಟರ್‌ಗೆ ಅದು ಒಂದೂಮುಕ್ಕಾಲು ಮೀಟರ್ ಆಗುತ್ತದೆ. ಚೆಂಡು ಎದುರಾಳಿಯ ಪಾಲು. ಚಿಕ್ಕ ಮಕ್ಕಳಿಗೆ ಮೊದಲು ಹತ್ತಿರದ ಪಾಸನ್ನೇ ಕಲಿಸಬೇಕೆನ್ನುವುದಕ್ಕೆ ಇಷ್ಟು ರೇಖಾಗಣಿತ ಸಾಕು.

ಪಾಸ್ ಕೊಡುವವರನ್ನು ನಿಧಾನಗತಿಯ ಚಿತ್ರದಲ್ಲಿ ನೋಡುವಾಗ ಒದೆಯುವ ಕಾಲನ್ನು ಬಿಟ್ಟು ಇನ್ನೊಂದು ಕಾಲನ್ನು ಗಮನಿಸಿ. ಅದು ಚೆಂಡಿನ ಪಕ್ಕದಲ್ಲಿ, ಒಂದು ಗೇಣಿನಷ್ಟು ಅಂತರದಲ್ಲಿ ಊರಿರುತ್ತದೆ. ಅದರ ಬೆರಳುಗಳು ಪಾಸ್ ಹೋಗಬೇಕಾದ ದಿಕ್ಕಿಗೇ ತಿರುಗಿರುತ್ತವೆ. ಒದೆಯುವ ಕಾಲಿನ ಹರಡು ಬಿಗಿಯಾಗಿರಬೇಕು. ಅದು ಸಡಿಲವಾಗಿದ್ದರೆ ಕೊಟ್ಟ ಶಕ್ತಿಯ ಒಂದು ಪಾಲು ಪಾದವನ್ನು ಹಿಂದಕ್ಕೆ ಬಾಗಿಸುವುದರಲ್ಲೇ ವ್ಯರ್ಥವಾಗುತ್ತದೆ. ಚೆಂಡಿನ ನಡುಭಾಗಕ್ಕೆ ತಾಗಿಸಿದರೆ ನೆಲದ ಮೇಲೆ ಉರುಳುತ್ತದೆ, ಕೆಳಭಾಗಕ್ಕೆ ತಾಗಿಸಿದರೆ ಮೇಲೇಳುತ್ತದೆ.

ಕೊಡುವುದಕ್ಕಿಂತ ಪಡೆಯುವುದು ಕಷ್ಟದ ವಿದ್ಯೆ. ಇಲ್ಲಿ ನಿಮ್ಮ ಭೌತಶಾಸ್ತ್ರದ ಪಾಠ ನೆನಪಿಗೆ ಬರಲಿ. ಸುಮಾರು 400 ಗ್ರಾಂ ತೂಕದ ಚೆಂಡು ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಬರುತ್ತಿದ್ದರೆ ಅದರ ಸಂವೇಗ ನಾಲ್ಕು ಕಿಲೋಗ್ರಾಂ ಮೀಟರ್ ಪ್ರತಿ ಸೆಕೆಂಡ್. ಅದನ್ನು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ನಿಲ್ಲಿಸಲು ಸರಾಸರಿ 400 ನ್ಯೂಟನ್ ಬಲ ಬೇಕು. ಹತ್ತನೇ ಒಂದು ಭಾಗದಲ್ಲಿ ನಿಲ್ಲಿಸಿದರೆ 40 ನ್ಯೂಟನ್ ಸಾಕು. ಕಾಲನ್ನು ಗೋಡೆಯಂತೆ ಹಿಡಿದವನಿಂದ ಚೆಂಡು ಪುಟಿದು ದೂರ ಸಾಗುವುದೂ, ತಾಗುವ ಕ್ಷಣದಲ್ಲಿ ಕಾಲನ್ನು ಹಿಂದಕ್ಕೆ ಸೆಳೆದುಕೊಂಡವನ ಬಳಿ ಅದು ಸುಮ್ಮನೆ ನಿಲ್ಲುವುದೂ ಇದರಿಂದಲೇ. ಎಸೆದ ಕೋಳಿಮೊಟ್ಟೆಯನ್ನು ಹೇಗೆ ಹಿಡಿಯುತ್ತೀರೋ ಹಾಗೆ.

ಈ ಎರಡನ್ನೂ ಒಟ್ಟಿಗೆ ಕಲಿಸುವ ಆಟವೊಂದಿದೆ. ಚೌಕದ ನಾಲ್ಕು ಬದಿಗೆ ನಾಲ್ವರು, ನಡುವೆ ಒಬ್ಬ. ಹೊರಗಿನವರು ಪಾಸ್ ಮಾಡುತ್ತಿರಬೇಕು, ನಡುವಿನವನು ಕಸಿಯಬೇಕು. ಯಾರ ಪಾಸ್ ಸಿಕ್ಕಿಬಿತ್ತೋ ಅವರು ಒಳಗೆ. ಚೆಂಡನ್ನು ಕೈಯಲ್ಲಿ ಎಸೆದಾಡುತ್ತ ನಡುವಿನವನನ್ನು ಕಾಡಿಸುವ ಆಟ ನಮ್ಮ ಮಕ್ಕಳಿಗೆ ಗೊತ್ತೇ ಇದೆ. ಇದು ಅದರ ಕಾಲಿನ ರೂಪ. ಸ್ಪೇನಿನಲ್ಲಿ ಇದಕ್ಕೆ ರೊಂಡೊ ಎಂದು ಹೆಸರು. 1988ರಿಂದ 1996ರವರೆಗೆ ಬಾರ್ಸಿಲೋನಾ ತಂಡದ ತರಬೇತುದಾರರಾಗಿದ್ದ ಯೋಹಾನ್ ಕ್ರೈಫ್ ಇದಕ್ಕೆ ಬಹಳ ಮಹತ್ವ ಕೊಟ್ಟಿದ್ದರು. ಇದರ ನಿಜವಾದ ಲಾಭ ಕಣ್ಣಿಗೆ. ಚೆಂಡು ತನ್ನ ಬಳಿ ಬರುವ ಮೊದಲೇ ಸುತ್ತ ನೋಡಿ, ಮುಂದಿನ ಪಾಸ್ ಯಾರಿಗೆಂದು ತೀರ್ಮಾನಿಸಿಕೊಳ್ಳದವನಿಗೆ ಇಲ್ಲಿ ಉಳಿಗಾಲವಿಲ್ಲ. ಸಾಲಾಗಿ ನಿಲ್ಲಿಸಿ ಗೋಡೆಗೆ ಒದೆಸುವ ಅಭ್ಯಾಸದಿಂದ ಕಾಲು ಪಳಗುತ್ತದೆ. ಈ ತೀರ್ಮಾನದ ಅಭ್ಯಾಸವಾಗುವುದಿಲ್ಲ.

ಬೂಟು ಇಲ್ಲವೆಂದು ಯಾರೂ ಹಿಂಜರಿಯಬೇಕಾಗಿಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಹೆಚ್ಚಿನ ಆಟಗಾರರು ಬರಿಗಾಲಲ್ಲೇ ಆಡಿದರು. ಫ್ರಾನ್ಸ್ ವಿರುದ್ಧ 1–2ರಿಂದ ಸೋತ ಆ ಪಂದ್ಯದಲ್ಲಿ ನಮ್ಮ ಏಕೈಕ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ ಚೆಂಡಿನ ಮೇಲಿನ ಹಿಡಿತಕ್ಕಾಗಿ ‘ಹಾವಾಡಿಗ’ ಎನಿಸಿಕೊಂಡವರು. ಮೈಸೂರು ಹೆಸರಿನಲ್ಲಿ ಆಡುತ್ತಿದ್ದಾಗ ನಾಲ್ಕು ಬಾರಿ ಸಂತೋಷ್ ಟ್ರೋಫಿ ಗೆದ್ದ ನಮ್ಮ ರಾಜ್ಯ, 54 ವರ್ಷಗಳ ಬಳಿಕ 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಮತ್ತೆ ಅದನ್ನು ಪಡೆಯಿತು. ಆಲಂಕಾರಿನ ಕಡೆಯ ಮುರಕಲ್ಲಿನ ನೆಲದಲ್ಲಿ ಮಾತ್ರ ಬರಿಗಾಲಿಗೆ ಇಳಿಯುವ ಮೊದಲು ಕಲ್ಲು ಹೆಕ್ಕುವುದು ಕ್ಷೇಮ.

ಚೆಂಡಿನ ಬಗ್ಗೆಯೂ ಎಚ್ಚರ ಬೇಕು. ದೊಡ್ಡವರ ಐದನೇ ಅಳತೆಯ ಚೆಂಡು 410ರಿಂದ 450 ಗ್ರಾಂ ತೂಗುತ್ತದೆ. ಹತ್ತು ವರ್ಷದ ಮಗುವಿಗೆ ನಾಲ್ಕನೇ ಅಳತೆಯದೇ ಸರಿ. ಗಟ್ಟಿ ನೆಲದಲ್ಲಿ ಗಾಳಿ ತುಸು ಕಡಿಮೆ ಇದ್ದರೆ ಪುಟಿತ ಹಿಡಿತಕ್ಕೆ ಬರುತ್ತದೆ. ಅಮೆರಿಕದ ಫುಟ್‌ಬಾಲ್ ಆಡಳಿತ 2015ರಲ್ಲಿ ಹತ್ತು ವರ್ಷ ಮತ್ತು ಅದಕ್ಕಿಂತ ಕೆಳಗಿನ ಮಕ್ಕಳು ತಲೆಯಿಂದ ಚೆಂಡು ಹೊಡೆಯಬಾರದೆಂದು ತೀರ್ಮಾನಿಸಿತು. ನಮ್ಮಲ್ಲಿಯೂ ಅದನ್ನು ಪಾಲಿಸುವುದು ಒಳ್ಳೆಯದು.

ಇನ್ನು ಮಳೆಗಾಲ. ಒದ್ದೆ ಹುಲ್ಲಿನ ಮೇಲೆ ಘರ್ಷಣೆ ಕಡಿಮೆಯಾಗಿ ಚೆಂಡು ಜಾರಿ ಮುಂದೋಡುತ್ತದೆ. ಅದೇ ಚೆಂಡು ನೀರು ನಿಂತ ಗುಂಡಿಯಲ್ಲಿ ತಟಕ್ಕನೆ ನಿಲ್ಲುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿ, ಮಲೆನಾಡಿನ ಅಂಚಿನಲ್ಲಿ ಆಡುವವರು ಹುಲ್ಲಿನ ಮೇಲೆ ಮೆಲ್ಲನೆ ತಳ್ಳುವುದನ್ನೂ, ನೀರಿದ್ದಲ್ಲಿ ಚೆಂಡಿನ ಅಡಿಗೆ ಪಾದ ಕೊಟ್ಟು ಎತ್ತಿ ದಾಟಿಸುವುದನ್ನೂ ಬೇರೆಬೇರೆಯಾಗಿಯೇ ಅಭ್ಯಾಸ ಮಾಡಬೇಕಾಗುತ್ತದೆ.